ಥೈರಾಯ್ಡ್ ಅತಿಯಾದಾಗ ಅದನ್ನು ಆಹಾರದಿಂದ ಹಿಡಿತಕ್ಕೆ ತರಬಹುದೇ?

ಬಿಳಿಮುಗಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಎರಡು ತಿಂಗಳ ಹಿಂದೆ ರಕ್ತಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಆಜ್ಞೆ ಕೊಡುವ ಹಾರ್ಮೋನ್) 0.01ಕ್ಕಿಂತ ಕಡಿಮೆಯಿದ್ದು, ಥೈರಾಯ್ಡ್ ಹಾರ್ಮೋನುಗಳಾದ ಟಿ3 ಮತ್ತು ಟಿ4 ಎರಡೂ ಮಿತಿಯನ್ನು ಬಹಳ ಮೀರಿದ್ದವು. ಆಮೇಲೆ ಪ್ರತಿಕಾಯಗಳ ಪರೀಕ್ಷೆಯನ್ನೂ ಮಾಡಿಸಿದ ವೈದ್ಯರು ಇದು ಗ್ರೇವ್ಸ್ ಕಾಯಿಲೆ ಎಂದು ತಿಳಿಸಿ, ಕಾರ್ಬಿಮಜೋಲ್ ಮಾತ್ರೆಯನ್ನೂ ಎದೆಬಡಿತಕ್ಕಾಗಿ ಪ್ರೊಪ್ರನಲಾಲ್ ಮಾತ್ರೆಯನ್ನೂ ಬರೆದುಕೊಟ್ಟರು.

ಆರು ತಿಂಗಳಲ್ಲಿ ನನ್ನ ತೂಕ 58 ಕಿಲೋದಿಂದ 50ಕ್ಕೆ ಇಳಿದಿದೆ. ಊಟವನ್ನೇನೂ ಕಡಿಮೆ ಮಾಡಿಲ್ಲ, ಮೊದಲಿಗಿಂತ ಹೆಚ್ಚೇ ತಿನ್ನುತ್ತಿದ್ದೇನೆ. ನಡುರಾತ್ರಿ ಎರಡು ಗಂಟೆಗೆ ಹಸಿವಿನಿಂದ ಎಚ್ಚರವಾಗಿ, ದೀಪ ಹಾಕದೆ ಅಡುಗೆಮನೆಯಲ್ಲಿ ನಿಂತುಕೊಂಡೇ ಏನನ್ನಾದರೂ ತಿಂದು ಮಲಗುವುದು ರೂಢಿಯಾಗಿಬಿಟ್ಟಿದೆ. ನೆಲದಿಂದ ಮೇಲೇಳಬೇಕಾದರೆ ತೊಡೆಗಳಲ್ಲಿ ಬಲವಿರುವುದಿಲ್ಲ, ಕೈಯೂರಿಯೇ ಏಳಬೇಕು. ನಾನು ಶಿಕ್ಷಕಿ, ಬೋರ್ಡಿನ ಮೇಲೆ ಬರೆಯುವ ಅಕ್ಷರ ಅಲುಗುವುದನ್ನು ಮುಂದಿನ ಸಾಲಿನ ಮಕ್ಕಳು ಗಮನಿಸಿ ಕೇಳಿದ ದಿನ ಬಹಳ ಬೇಸರವಾಯಿತು.

ಮಾತ್ರೆ ಶುರುಮಾಡಿ ಮೂರು ವಾರ ಕಳೆದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದಿದ್ದಾಗ, ಪರಿಚಿತರೊಬ್ಬರು ಇದಕ್ಕೆಲ್ಲ ಆಹಾರವೇ ಮದ್ದೆಂದು ಹೇಳಿ ಹಸಿ ಎಲೆಕೋಸಿನ ರಸ ಕುಡಿಯಲು ಸೂಚಿಸಿದರು. ದಿನಕ್ಕೆ ಎರಡು ಲೋಟದಂತೆ ಹತ್ತು ದಿನಗಳಿಂದ ಕುಡಿಯುತ್ತಿದ್ದೇನೆ. ಇನ್ನೊಬ್ಬರು ಥೈರಾಯ್ಡ್‌ಗೆ ಒಳ್ಳೆಯದೆಂದು ಒಣಗಿಸಿದ ಕಡಲಕಳೆಯ ಪುಡಿ ತಂದುಕೊಟ್ಟಿದ್ದಾರೆ. ಅದನ್ನಿನ್ನೂ ಬಾಯಿಗೆ ಹಾಕಿಲ್ಲ. ಕೂದಲು ಬಹಳ ಉದುರುತ್ತಿರುವುದರಿಂದ ನಾನಾಗಿಯೇ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವಾರದಿಂದ ಕಾರ್ಬಿಮಜೋಲ್ ಅನ್ನು ಅರ್ಧಕ್ಕೆ ಇಳಿಸಿಕೊಂಡಿದ್ದೇನೆ, ವೈದ್ಯರಿಗೆ ಹೇಳಿಲ್ಲ.

ಆಹಾರದಿಂದಲೇ ಇದನ್ನು ಹತೋಟಿಗೆ ತರಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಆಹಾರದಿಂದ ಯಾವ ಮಟ್ಟಿನ ಸಹಾಯ ಸಿಗುತ್ತದೆ? ಏನು ತಿನ್ನಬೇಕು, ಏನು ಬಿಡಬೇಕು? ಇದನ್ನು ಅನುಭವಿಸಿದವರು ಮತ್ತು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ತಂಗಾಳಿ ಉತ್ತರಿಸಿದ್ದು:

ನಿಮ್ಮ ಬರಹ ಓದುವಾಗ ನಾಲ್ಕು ವರ್ಷಗಳ ಹಿಂದಿನ ನನ್ನ ಸ್ಥಿತಿಯೇ ಕಣ್ಣಮುಂದೆ ಬಂತು. ನನಗೂ ಗ್ರೇವ್ಸ್ ಕಾಯಿಲೆಯೇ. ಮೊದಲ ಭೇಟಿಯಲ್ಲಿ ವೈದ್ಯರು ನನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ತೆಳು ಕಾಗದವನ್ನು ಇಟ್ಟರು. ಬರಿಗಣ್ಣಿಗೆ ಅಷ್ಟಾಗಿ ಕಾಣದಿದ್ದ ನಡುಕ ಆ ಕಾಗದದ ಅಂಚಿನಲ್ಲಿ ಪಟಪಟನೆ ಕಂಡಾಗಲೇ ನನ್ನ ದೇಹ ಎಷ್ಟು ವೇಗವಾಗಿ ಓಡುತ್ತಿದೆ ಎಂಬುದು ನನಗೆ ಮನವರಿಕೆಯಾದದ್ದು.

ಮಾತ್ರೆಯನ್ನು ಅರ್ಧ ಮಾಡಿಕೊಂಡಿರುವ ವಿಷಯವನ್ನು ಇಂದೇ ನಿಮ್ಮ ವೈದ್ಯರಿಗೆ ತಿಳಿಸಿರಿ. ಮೂರು ವಾರದಲ್ಲಿ ಫಲ ಕಾಣಲಿಲ್ಲವೆಂದು ನಾನೂ ಇದೇ ರೀತಿ ಯೋಚಿಸಿದ್ದೆ. ಆಗ ವೈದ್ಯರು ಕೊಟ್ಟ ವಿವರಣೆ ಇಂದಿಗೂ ನೆನಪಿದೆ: ಈ ಮಾತ್ರೆ ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆಯೇ ಹೊರತು, ಗ್ರಂಥಿಯಲ್ಲಿ ಈಗಾಗಲೇ ಕೂಡಿಟ್ಟಿರುವುದನ್ನು ಅಳಿಸುವುದಿಲ್ಲ. ಕೂಡಿಟ್ಟದ್ದು ಖರ್ಚಾಗುವವರೆಗೆ, ಅಂದರೆ ಕೆಲವು ವಾರಗಳವರೆಗೆ, ಮಾತ್ರೆ ಕೆಲಸ ಮಾಡುತ್ತಿದ್ದರೂ ನಮಗೆ ಅದು ಗೊತ್ತಾಗುವುದಿಲ್ಲ. ಆ ನಡುವಿನ ಅವಧಿಯನ್ನು ಸಹನೀಯವಾಗಿಸಲೆಂದೇ ಪ್ರೊಪ್ರನಲಾಲ್ ಕೊಡುತ್ತಾರೆ. ಅದು ಹಾರ್ಮೋನನ್ನು ತಗ್ಗಿಸುವ ಮದ್ದಲ್ಲ, ಬಡಿತವನ್ನೂ ನಡುಕವನ್ನೂ ತಗ್ಗಿಸುತ್ತದೆ. ನನಗೆ ಐದನೆಯ ವಾರದ ಕೊನೆಯಲ್ಲಿ ಒಂದು ರಾತ್ರಿ ಎಚ್ಚರವಾಗದೆ ನಿದ್ದೆ ಬಂದದ್ದೇ ಮೊದಲ ಗುರುತು. ನೀವು ಆ ಹೊಸ್ತಿಲಿನಲ್ಲಿಯೇ ಮಾತ್ರೆ ಇಳಿಸಿಕೊಂಡಿದ್ದೀರಿ ಎಂದು ನನಗೆ ಅನಿಸುತ್ತದೆ.

ಇನ್ನೊಂದು ವಿಷಯ ಆಹಾರಕ್ಕೆ ಸಂಬಂಧಿಸಿದ್ದಲ್ಲವಾದರೂ ಹೇಳದೆ ಇರಲಾರೆ. ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿರುವಾಗ ಜ್ವರ, ಗಂಟಲುನೋವು ಅಥವಾ ಬಾಯಿಹುಣ್ಣು ಕಾಣಿಸಿಕೊಂಡರೆ, ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ ಅದೇ ದಿನ ರಕ್ತಕಣಗಳ ಪರೀಕ್ಷೆ ಮಾಡಿಸಬೇಕು. ಬಿಳಿ ರಕ್ತಕಣಗಳು ತೀರ ಕುಸಿಯುವುದು ಅಪರೂಪವಾದರೂ, ಹಾಗಾದರೆ ಅದು ಜೀವಕ್ಕೆ ಅಪಾಯ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿಯೇ ಆಗುತ್ತದೆ.

ಆಹಾರದ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪೆಂದರೆ, "ಥೈರಾಯ್ಡ್ ಪಥ್ಯ" ಎಂಬ ಹೆಸರಿನಲ್ಲಿ ಸಿಕ್ಕಿದ್ದನ್ನೆಲ್ಲ ಅನುಸರಿಸಿದ್ದು. ಅದರಲ್ಲಿ ಬಹುಪಾಲು ಥೈರಾಯ್ಡ್ ಕಡಿಮೆಯಿರುವವರಿಗಾಗಿ ಬರೆದದ್ದು. ಅವರ ದೇಹ ನಿಧಾನವಾಗಿದೆ, ತೂಕ ಏರುತ್ತಿದೆ, ನಮ್ಮದು ತದ್ವಿರುದ್ಧ. ಅವರಿಗಾಗಿ ಹೇಳಿದ ಮಿತಾಹಾರವನ್ನು ಪಾಲಿಸಿ, ಮೊದಲೇ ಸೊರಗಿದ್ದ ನಾನು ಒಂದೇ ತಿಂಗಳಲ್ಲಿ ಇನ್ನೂ ಎರಡು ಕಿಲೋ ಕಳೆದುಕೊಂಡೆ. ಯಾರಾದರೂ "ಥೈರಾಯ್ಡ್‌ಗೆ ಒಳ್ಳೆಯದು" ಎಂದರೆ, ಯಾವ ಥೈರಾಯ್ಡ್‌ಗೆ ಎಂದು ಮೊದಲು ಕೇಳಬೇಕೆಂಬುದನ್ನು ಹಾಗೆ ಕಲಿತೆ.

ಕಾಫಿಯನ್ನು ನಾನು ಪೂರ್ತಿ ನಿಲ್ಲಿಸಿದ್ದೆ. ಕಾಫಿಯಿಂದ ಕಾಯಿಲೆ ಬರುವುದಿಲ್ಲ, ಆದರೆ ಮೊದಲೇ ಹಾರುತ್ತಿರುವ ಎದೆಗೆ ಅದೂ ಸೇರಿದರೆ ಸಂಕಟ ಹೆಚ್ಚುತ್ತದೆ. ಹಾರ್ಮೋನ್ ಸಹಜಕ್ಕೆ ಬಂದ ಮೇಲೆ ಬೆಳಗಿನ ಒಂದು ಲೋಟಕ್ಕೆ ಮರಳಿದೆ, ತೊಂದರೆಯಾಗಲಿಲ್ಲ.

ಪಥ್ಯತಜ್ಞೆ ಉತ್ತರಿಸಿದ್ದು:

ತಂಗಾಳಿಯವರು ಮಾತ್ರೆಯ ಬಗ್ಗೆ ಹೇಳಿದ್ದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನಾನು ಆಹಾರತಜ್ಞೆಯಾಗಿ ಕೆಲಸ ಮಾಡುತ್ತಿರುವುದರಿಂದ, ನಿಮ್ಮ ಪ್ರಶ್ನೆಯ ಆಹಾರದ ಭಾಗಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಗ್ರೇವ್ಸ್ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ತಯಾರಿಸಿದ ಪ್ರತಿಕಾಯಗಳು ಟಿಎಸ್‌ಎಚ್ ಕೂರಬೇಕಾದ ಜಾಗದಲ್ಲಿ ಕುಳಿತು, ಬಿಡುವಿಲ್ಲದೆ ಹಾರ್ಮೋನ್ ತಯಾರಿಸುವಂತೆ ಗ್ರಂಥಿಯನ್ನು ಒತ್ತಾಯಿಸುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇದನ್ನು ಗಮನಿಸಿ ತನ್ನ ಟಿಎಸ್‌ಎಚ್ ಅನ್ನು ನಿಲ್ಲಿಸಿಬಿಟ್ಟರೂ, ಆಜ್ಞೆ ಬರುತ್ತಿರುವುದು ಬೇರೆಡೆಯಿಂದ ಆದ್ದರಿಂದ ಥೈರಾಯ್ಡ್ ನಿಲ್ಲುವುದಿಲ್ಲ. ನಾವು ತಿನ್ನುವ ಯಾವ ಪದಾರ್ಥಕ್ಕೂ ಆ ಪ್ರತಿಕಾಯಗಳನ್ನು ಅಲ್ಲಿಂದ ಎಬ್ಬಿಸುವ ಶಕ್ತಿಯಿಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಸಾಧ್ಯವಿಲ್ಲ ಎಂದೇ. ಆದರೆ ಮಾತ್ರೆ ತನ್ನ ಕೆಲಸ ಮುಗಿಸುವವರೆಗೆ ದೇಹ ಸೋರಿಹೋಗದಂತೆ ಕಾಯುವುದು ಆಹಾರದಿಂದ ಮಾತ್ರ ಆಗುವ ಕೆಲಸ, ಅದು ಸಣ್ಣದಲ್ಲ.

ಎಲೆಕೋಸಿನ ವಿಷಯಕ್ಕೆ ಬರುತ್ತೇನೆ. ಈ ನಂಬಿಕೆ ಬುಡವಿಲ್ಲದ್ದಲ್ಲ. 1928ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೇರೊಂದು ಪ್ರಯೋಗಕ್ಕಾಗಿ ಸಾಕಿದ್ದ, ಹೆಚ್ಚಾಗಿ ಎಲೆಕೋಸನ್ನೇ ತಿಂದು ಬೆಳೆದ ಮೊಲಗಳಲ್ಲಿ ಗಳಗಂಡ, ಅಂದರೆ ಥೈರಾಯ್ಡ್ ಗ್ರಂಥಿಯ ಊತ, ಕಾಣಿಸಿಕೊಂಡಿತು. ಎಲೆಕೋಸು, ಹೂಕೋಸು, ಸಾಸಿವೆಯ ಕುಟುಂಬದ ಸಸ್ಯಗಳಲ್ಲಿರುವ ಕೆಲವು ಅಂಶಗಳು, ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವುದಕ್ಕೂ ಅದನ್ನು ಹಾರ್ಮೋನ್ ಆಗಿಸುವುದಕ್ಕೂ ಅಡ್ಡಿಮಾಡುತ್ತವೆಂದು ಮುಂದೆ ತಿಳಿಯಿತು. ಇಂಥ ಗಳಗಂಡಕಾರಕ ವಸ್ತುಗಳ ಮೇಲೆ ನಡೆದ ಸಂಶೋಧನೆಯ ಸಾಲಿನಲ್ಲಿಯೇ, 1943ರಲ್ಲಿ ಎಡ್ವಿನ್ ಆಸ್ಟ್‌ವುಡ್ ಅವರು ಥಯೋಯುರಾಸಿಲ್ ಮತ್ತು ಥಯೋಯೂರಿಯಾಗಳನ್ನು ಥೈರಾಯ್ಡ್ ಅತಿಯಾದವರಿಗೆ ಕೊಟ್ಟು ಫಲ ಕಂಡುದನ್ನು ಪ್ರಕಟಿಸಿದರು. ನೀವು ಅರ್ಧ ಮಾಡಿಕೊಂಡಿರುವ ಕಾರ್ಬಿಮಜೋಲ್ ಆ ಬಗೆಯ ಔಷಧಗಳ ಸಾಲಿಗೇ ಸೇರಿದ್ದು. ಅಂದರೆ ಎಲೆಕೋಸಿನ ರಸದಿಂದ ನೀವು ಯಾವ ಕೆಲಸವನ್ನು ಬಯಸುತ್ತಿದ್ದೀರೋ ಅದನ್ನು ಆ ಪುಟ್ಟ ಮಾತ್ರೆ ಅಳತೆಯಿಂದ, ಪ್ರತಿದಿನವೂ ಒಂದೇ ಸಮನಾಗಿ ಮಾಡುತ್ತದೆ. ರಸಕ್ಕೆ ಅಂಥ ಅಳತೆಯಿಲ್ಲ. ಒಂದು ಕೋಸಿಗೂ ಇನ್ನೊಂದಕ್ಕೂ ಅಂಶಗಳ ಪ್ರಮಾಣ ಬೇರೆಯಾಗಿರುತ್ತದೆ ಮತ್ತು ದೇಹದಲ್ಲಿ ಅಯೋಡಿನ್ ಸಾಕಷ್ಟಿದ್ದಾಗ ಒಂದೆರಡು ಲೋಟದ ಪರಿಣಾಮ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಹಾಗೆಂದು ಪ್ರಮಾಣ ಹೆಚ್ಚಿಸಬಾರದು. ಎಲೆಕೋಸಿನ ಜಾತಿಯದೇ ಆದ ಬಾಕ್ ಚಾಯ್ ಎಂಬ ಸೊಪ್ಪನ್ನು ದಿನಕ್ಕೆ ಒಂದರಿಂದ ಒಂದೂವರೆ ಕಿಲೋದಂತೆ ತಿಂಗಳುಗಟ್ಟಲೆ ಹಸಿಯಾಗಿ ತಿಂದ 88 ವರ್ಷದ ಮಹಿಳೆಯೊಬ್ಬರು, ಥೈರಾಯ್ಡ್ ತೀರ ಕುಸಿದು ತೀವ್ರನಿಗಾ ಘಟಕ ಸೇರಿದ ಪ್ರಕರಣ 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಬೇಯಿಸಿದ ಎಲೆಕೋಸನ್ನು ಪಲ್ಯವಾಗಿ ಎಂದಿನಂತೆ ತಿನ್ನಿರಿ, ರಸವನ್ನು ಬಿಟ್ಟುಬಿಡಿರಿ. ಈ ಕಾಯಿಲೆಯಲ್ಲಿ ಕರುಳೂ ವೇಗವಾಗಿ ಚಲಿಸುವುದರಿಂದ ಹಸಿ ರಸ ಹೊಟ್ಟೆಯನ್ನು ಇನ್ನಷ್ಟು ಕೆಡಿಸುವ ಸಂಭವವೇ ಹೆಚ್ಚು.

ಕಡಲಕಳೆಯ ಪುಡಿಯನ್ನು ನೀವು ಬಾಯಿಗೆ ಹಾಕಿಲ್ಲವೆಂದು ಓದಿ ಸಮಾಧಾನವಾಯಿತು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಕೆಲ್ಪ್ ಜಾತಿಯ ಒಣ ಕಡಲಕಳೆಯ ಒಂದೇ ಗ್ರಾಂನಲ್ಲಿ ಸಾವಿರ ಮೈಕ್ರೋಗ್ರಾಂಗೂ ಮಿಕ್ಕಿ ಇರಬಲ್ಲದು. ಅಯೋಡಿನ್ ಎಂಬುದು ಥೈರಾಯ್ಡ್ ಹಾರ್ಮೋನಿನ ಕಚ್ಚಾವಸ್ತು. ಟಿ4 ಎಂದರೆ ನಾಲ್ಕು ಅಯೋಡಿನ್ ಪರಮಾಣುಗಳಿರುವುದು, ಟಿ3 ಎಂದರೆ ಮೂರು ಇರುವುದು. ಗ್ರಂಥಿಯಲ್ಲಿ ಸಂಗ್ರಹ ಹೆಚ್ಚಿದಷ್ಟೂ ಮಾತ್ರೆಯ ಫಲ ಕಾಣುವುದು ತಡವಾಗುತ್ತದೆ, ಕಾಯಿಲೆ ಉಲ್ಬಣಿಸಲೂಬಹುದು. ಜಿನೀವಾದ ವೈದ್ಯ ಕೊಯಿಂಡೆ 1820ರಲ್ಲಿ ಗಳಗಂಡಕ್ಕೆ ಅಯೋಡಿನ್ ಕೊಡಲಾರಂಭಿಸಿದಾಗ, ಕೆಲವು ರೋಗಿಗಳಲ್ಲಿ ಎದೆಬಡಿತ, ನಡುಕ, ತೂಕ ಇಳಿತ ಕಾಣಿಸಿಕೊಂಡಿತ್ತು. ಈ ಅಪಾಯ ಅಷ್ಟು ಹಳೆಯದು. ಆದ್ದರಿಂದ ಕಡಲಕಳೆ, ಅಯೋಡಿನ್ ಬೆರೆತ ಪೂರಕ ಮಾತ್ರೆಗಳು ಮತ್ತು ಪೊಟ್ಯಾಸಿಯಂ ಅಯೋಡೈಡ್ ಇರುವ ಕೆಮ್ಮಿನ ಔಷಧಗಳಿಂದ ದೂರವಿರಿ, ವಿಟಮಿನ್ ಮಾತ್ರೆಯ ಡಬ್ಬಿಯ ಮೇಲಿನ ಪಟ್ಟಿಯನ್ನೂ ಓದಿ ನೋಡಿ. ಎಂದಾದರೂ ಬಣ್ಣದ್ರವ ಚುಚ್ಚಿ ಮಾಡುವ ಸ್ಕ್ಯಾನ್ ಬೇಕಾದರೆ, ಅದರಲ್ಲೂ ಅಯೋಡಿನ್ ಇರುವುದರಿಂದ, ನಿಮ್ಮ ಕಾಯಿಲೆಯ ವಿಷಯವನ್ನು ಮುಂಚಿತವಾಗಿ ತಿಳಿಸಬೇಕು.

ಆದರೆ ಅಡುಗೆಗೆ ಎಂದಿನ ಪ್ರಮಾಣದಲ್ಲಿ ಬಳಸುವ ಅಯೋಡಿನ್ ಉಪ್ಪು, ಹಾಲು, ಮೊಟ್ಟೆ ಇವನ್ನು ಹೆದರಿ ಬಿಡಬೇಕಾಗಿಲ್ಲ. ವಿಕಿರಣ ಅಯೋಡಿನ್ ಚಿಕಿತ್ಸೆಗೆ ಮೊದಲು ಒಂದೆರಡು ವಾರ, ದಿನಕ್ಕೆ 50 ಮೈಕ್ರೋಗ್ರಾಂ ಮೀರದಂತೆ ಕಟ್ಟುನಿಟ್ಟಾದ ಪಥ್ಯವನ್ನು ಕೆಲವರಿಗೆ ಹೇಳುವುದುಂಟು. ಅದು ಆ ಸಂದರ್ಭಕ್ಕೆ ಸೀಮಿತ. ಅದನ್ನೇ ತಿಂಗಳುಗಟ್ಟಲೆ ಪಾಲಿಸುವವರು ಹಾಲು, ಮೊಟ್ಟೆ, ಮೀನು ಮೂರನ್ನೂ ಬಿಟ್ಟು, ತಮಗೆ ಈಗ ಅತ್ಯಂತ ಅಗತ್ಯವಾದ ಪೋಷಣೆಯನ್ನೇ ಕಳೆದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿ ನೊಂದಿದ್ದೇನೆ.

ನೆಲದಿಂದ ಏಳಲು ಆಗುತ್ತಿಲ್ಲವೆಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಅದು. ಕಳೆದುಹೋದ ಎಂಟು ಕಿಲೋ ಬರೀ ಕೊಬ್ಬಲ್ಲ. ಅದರಲ್ಲಿ ಸ್ನಾಯುವೂ ಇದೆ. ಆರೋಗ್ಯವಂತ ವಯಸ್ಕರಿಗೆ ತೂಕದ ಕಿಲೋ ಒಂದಕ್ಕೆ 0.8 ಗ್ರಾಂ ಪ್ರೋಟೀನ್ ಸಾಕೆಂಬುದು ಸಾಮಾನ್ಯ ಲೆಕ್ಕವಾದರೂ, ಮೂತ್ರಪಿಂಡಗಳ ತೊಂದರೆ ಇಲ್ಲದವರಿಗೆ ಈ ಹಂತದಲ್ಲಿ ನಾನು 1.2 ಗ್ರಾಂನಷ್ಟು ಸೂಚಿಸುತ್ತೇನೆ. 50 ಕಿಲೋ ತೂಕದ ನಿಮಗೆ ಅದು ದಿನಕ್ಕೆ 60 ಗ್ರಾಂ ಆಗುತ್ತದೆ. ಬೇಳೆಕಾಳು, ಹಾಲು, ಮೊಸರು, ಮೊಟ್ಟೆ, ತಿನ್ನುವವರಾದರೆ ಮಾಂಸ, ಇವುಗಳಲ್ಲಿ ಯಾವುದಾದರೂ ಒಂದು ಪ್ರತಿ ಹೊತ್ತಿನ ಊಟದಲ್ಲೂ ಇರಲಿ. ಒಂದೇ ಸಲ ಹೊಟ್ಟೆತುಂಬ ತಿನ್ನುವುದರ ಬದಲು ದಿನಕ್ಕೆ ಐದಾರು ಸಲ ತಿನ್ನಿರಿ. ರಾತ್ರಿ ಮಲಗುವ ಮುನ್ನ ಒಂದು ಲೋಟ ಹಾಲು ಮತ್ತು ಒಂದು ಹಿಡಿ ಬೀಜಗಳನ್ನು ತಿಂದರೆ ಎರಡು ಗಂಟೆಯ ಆ ಹಸಿವು ಬಹುಮಟ್ಟಿಗೆ ತಗ್ಗುತ್ತದೆ. ಬೆವರಿನಲ್ಲಿ ನೀರು ಹೆಚ್ಚು ಹೋಗುವುದರಿಂದ ಬಾಯಾರುವವರೆಗೆ ಕಾಯದೆ ನೀರು ಕುಡಿಯುತ್ತಿರಿ.

ಮೂಳೆಯನ್ನೂ ಮರೆಯಬಾರದು. ಥೈರಾಯ್ಡ್ ಹಾರ್ಮೋನ್ ಅತಿಯಾದಾಗ ಮೂಳೆ ಕಟ್ಟುವುದಕ್ಕಿಂತ ಸವೆಯುವುದೇ ಮುಂದಾಗಿರುತ್ತದೆ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಸಿಗುತ್ತದೆ. ಆಹಾರದಿಂದ ಬರುವುದಕ್ಕೆ ಅಡ್ಡಿಯಿಲ್ಲ, ಆದರೆ ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗಿಯೇ ಶುರುಮಾಡಬೇಡಿರಿ. ಈ ಕಾಯಿಲೆ ತೀವ್ರವಾಗಿದ್ದಾಗ ಸವೆದ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಸೇರಿ ಅಲ್ಲಿ ಅದರ ಮಟ್ಟವೇ ಏರಿರುವುದುಂಟು, ಆದ್ದರಿಂದ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ. ವಿಟಮಿನ್ ಡಿ ವಿಷಯದಲ್ಲೂ ಹೀಗೆಯೇ.

ಸೆಲೆನಿಯಂ ಎಂಬ ಖನಿಜಾಂಶದ ಬಗ್ಗೆ ನೀವು ಕೇಳಿಲ್ಲವಾದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಗ್ರೇವ್ಸ್ ಕಾಯಿಲೆಯಿಂದ ಕಣ್ಣಿಗೆ ಸೌಮ್ಯವಾದ ತೊಂದರೆಯಾದವರಿಗೆ, ದಿನಕ್ಕೆ ಎರಡು ಸಲ 100 ಮೈಕ್ರೋಗ್ರಾಂನಂತೆ ಆರು ತಿಂಗಳು ಕೊಟ್ಟಾಗ ಅನುಕೂಲವಾಯಿತೆಂದು 2011ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸಿದೆ. ಅದು ಕಣ್ಣಿಗೆ ಸಂಬಂಧಿಸಿದ ಮಾತು. ಹಾರ್ಮೋನ್ ಇಳಿಸಲು ಅದನ್ನು ನೆಚ್ಚಬೇಡಿರಿ. ಕಣ್ಣು ಉರಿ, ಉಬ್ಬು, ಎರಡೆರಡಾಗಿ ಕಾಣುವುದು ಇದ್ದರೆ ಕಣ್ಣಿನ ವೈದ್ಯರನ್ನು ಕಾಣಿರಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುವವರಿದ್ದರೆ ಆ ಹೊಗೆಯಿಂದ ದೂರವಿರಿ, ಕಣ್ಣಿನ ತೊಂದರೆಯನ್ನು ತಂಬಾಕಿನ ಹೊಗೆಯಷ್ಟು ಕೆರಳಿಸುವ ವಸ್ತು ಇನ್ನೊಂದಿಲ್ಲ.

ಕೊನೆಯದಾಗಿ ಬಯೋಟಿನ್. ದಿನಕ್ಕೆ ನಮಗೆ ಬೇಕಾದದ್ದು 30 ಮೈಕ್ರೋಗ್ರಾಂ. ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ 5000, 10000 ಮೈಕ್ರೋಗ್ರಾಂ ಇರುವುದು ಸಾಮಾನ್ಯ. ಅಷ್ಟು ಬಯೋಟಿನ್ ರಕ್ತದಲ್ಲಿದ್ದರೆ, ಅನೇಕ ಪ್ರಯೋಗಾಲಯಗಳು ಬಳಸುವ ಪರೀಕ್ಷಾ ವಿಧಾನದಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಇರುವುದಕ್ಕಿಂತ ಹೆಚ್ಚಾಗಿಯೂ ತೋರುತ್ತದೆ. ನಿಮ್ಮ ಲಕ್ಷಣಗಳು ನಿಜವಾದವು, ಕಾಯಿಲೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮುಂದಿನ ವರದಿ ನೋಡಿ ವೈದ್ಯರು ಮಾತ್ರೆಯ ಪ್ರಮಾಣ ನಿರ್ಧರಿಸುವಾಗ ಅದು ಅವರನ್ನು ದಾರಿತಪ್ಪಿಸಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ವೈದ್ಯರಿಗೂ ಹೇಳಿರಿ. ಕೂದಲು ಉದುರುತ್ತಿರುವುದು ಹಾರ್ಮೋನಿನ ಏರುಪೇರಿನಿಂದ; ಅದು ಸರಿಹೋದ ಕೆಲವು ತಿಂಗಳಲ್ಲಿ ಕೂದಲೂ ಸುಧಾರಿಸುತ್ತದೆ.

ಹಳೆಯ ಓದುಗ ಉತ್ತರಿಸಿದ್ದು:

ಮೇಲಿನ ಉತ್ತರಗಳಲ್ಲಿ ಬಾರದ ಒಂದು ಸಂಗತಿಯನ್ನು ಸೇರಿಸುತ್ತೇನೆ, ಏಕೆಂದರೆ ಅದು ನೇರವಾಗಿ ಊಟಕ್ಕೆ ಸಂಬಂಧಿಸಿದ್ದು. ನನ್ನ ತಮ್ಮನಿಗೆ 27ನೆಯ ವಯಸ್ಸಿನಲ್ಲಿ, ಒಂದು ರಾತ್ರಿ ಅನ್ನ ಮತ್ತು ಸಿಹಿಯ ಭಾರೀ ಊಟ ಮಾಡಿ ಮಲಗಿದ ಮೇಲೆ, ಬೆಳಗಿನ ಜಾವ ಎಚ್ಚರವಾದಾಗ ಎರಡೂ ಕಾಲುಗಳು ಅಲುಗಾಡಲಿಲ್ಲ. ಮಾತು, ಪ್ರಜ್ಞೆ ಎಲ್ಲ ಸರಿಯಾಗಿತ್ತು. ಹಾಸಿಗೆಯಿಂದ ಎತ್ತಿಕೊಂಡೇ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಪೊಟ್ಯಾಸಿಯಂ ತೀರ ಇಳಿದಿತ್ತು, ಅದಕ್ಕೆ ಕಾರಣ ಅದುವರೆಗೆ ಯಾರಿಗೂ ತಿಳಿಯದೆ ಇದ್ದ ಥೈರಾಯ್ಡ್ ಅತಿ. ಏಷ್ಯಾ ಮೂಲದ ಯುವಕರಲ್ಲಿ ಇದು ಹೆಚ್ಚೆಂದು ವೈದ್ಯರು ಹೇಳಿದರು. ಹೆಚ್ಚು ಪಿಷ್ಟ ಮತ್ತು ಸಕ್ಕರೆಯ ಊಟದ ನಂತರ, ಇಲ್ಲವೇ ಕಠಿಣ ಶ್ರಮ ಮಾಡಿ ವಿಶ್ರಮಿಸುವಾಗ, ಪೊಟ್ಯಾಸಿಯಂ ರಕ್ತದಿಂದ ಜೀವಕೋಶಗಳೊಳಗೆ ನುಗ್ಗುವುದರಿಂದ ಹೀಗಾಗುತ್ತದಂತೆ. ಹಾರ್ಮೋನ್ ಸಹಜಕ್ಕೆ ಬಂದ ಮೇಲೆ ಅವನಿಗೆ ಮತ್ತೆಂದೂ ಅದು ಮರುಕಳಿಸಲಿಲ್ಲ. ಬಿಳಿಮುಗಿಲು ಅವರ ತೊಡೆಗಳ ಬಲಹೀನತೆ ನಿಧಾನವಾಗಿ ಬಂದದ್ದಾದ್ದರಿಂದ ಅದು ಬೇರೆಯೇ ಇರಬಹುದು. ಆದರೆ ಎಂದಾದರೂ ಕಾಲುಗಳು ಹಠಾತ್ತನೆ ಸೋತರೆ ಅದನ್ನು ಸುಸ್ತೆಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜೋರು ಜ್ವರದೊಡನೆ ಎದೆಬಡಿತ ಮಿತಿಮೀರಿ ಏರಿ ಮನಸ್ಸು ಗಲಿಬಿಲಿಗೊಂಡರೂ ಹಾಗೆಯೇ, ಒಂದು ಗಳಿಗೆಯೂ ತಡಮಾಡಬಾರದು.

ಬಿಳಿಮುಗಿಲು ಬರೆದದ್ದು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆಯೇ ವೈದ್ಯರಿಗೆ ಕರೆಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಮೊದಲಿನ ಪ್ರಮಾಣಕ್ಕೆ ಮರಳಲು ಹೇಳಿ, ರಕ್ತಪರೀಕ್ಷೆಯ ದಿನವನ್ನು ಬದಲಿಸಿದರು. ರಸವನ್ನೂ ಬಯೋಟಿನ್ ಅನ್ನೂ ನಿಲ್ಲಿಸಿದ್ದೇನೆ, ಪುಡಿಯನ್ನು ಎಸೆದಿದ್ದೇನೆ. ಇನ್ನೊಂದೇ ಸಂದೇಹ ಉಳಿದಿದೆ. ದಿನಕ್ಕೆ ಐದಾರು ಸಲ ತಿನ್ನುವ ಈ ಕ್ರಮವನ್ನು ಎಷ್ಟು ಕಾಲ ಮುಂದುವರಿಸಬೇಕು? ಮಾತ್ರೆಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳಬೇಕಾಗಬಹುದೆಂದು ವೈದ್ಯರು ಹೇಳಿದ್ದಾರೆ.

ಪಥ್ಯತಜ್ಞೆ ಉತ್ತರಿಸಿದ್ದು:

ಬಹಳ ಸಂತೋಷವಾಯಿತು. ಮಾತ್ರೆಯ ಅವಧಿ ಸಾಮಾನ್ಯವಾಗಿ 12ರಿಂದ 18 ತಿಂಗಳು ಇರುತ್ತದೆ, ಆದರೆ ಈ ಹೆಚ್ಚುವರಿ ಆಹಾರ ಅಷ್ಟು ದಿನ ಬೇಕಾಗುವುದಿಲ್ಲ.

ಹಾರ್ಮೋನ್ ಇಳಿಯುತ್ತಿದ್ದಂತೆ ದೇಹದ ಖರ್ಚು ತಗ್ಗುತ್ತದೆ, ಆದರೆ ತಿಂಗಳುಗಟ್ಟಲೆ ಹೆಚ್ಚು ತಿಂದ ರೂಢಿ ಅಷ್ಟು ಬೇಗ ತಗ್ಗುವುದಿಲ್ಲ. ಚಿಕಿತ್ಸೆಯ ನಂತರ ಹಲವರು ಮೊದಲಿನ ತೂಕವನ್ನೂ ದಾಟಿ ಹೋಗುವುದು ಈ ಅಂತರದಲ್ಲಿಯೇ, ಮತ್ತು ಆಗ ಮಾತ್ರೆಯನ್ನು ದೂರಿ ಬಿಟ್ಟುಬಿಡುವವರೂ ಇದ್ದಾರೆ. ಆದ್ದರಿಂದ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿರಿ. ಪ್ರತಿದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಮಣಿಕಟ್ಟಿನ ನಾಡಿಯನ್ನು ಒಂದು ಪೂರ್ತಿ ನಿಮಿಷ ಎಣಿಸಿ ಬರೆಯಿರಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ತೂಕ ಬರೆಯಿರಿ. ಪ್ರೊಪ್ರನಲಾಲ್ ನಾಡಿಯನ್ನು ತಗ್ಗಿಸುವುದರಿಂದ, ಅದರ ಪ್ರಮಾಣ ಬದಲಾದ ದಿನವನ್ನೂ ಪಕ್ಕದಲ್ಲಿ ಗುರುತಿಸಿರಿ. ತೂಕ ವಾರದಿಂದ ವಾರಕ್ಕೆ ಏರತೊಡಗಿ 55, 56 ಕಿಲೋ ಮುಟ್ಟಿದಾಗ, ಊಟಗಳ ನಡುವೆ ತಿನ್ನುವುದನ್ನು ಒಂದೊಂದಾಗಿ ಬಿಡುತ್ತ ಬನ್ನಿರಿ. ಬೇಳೆ, ಹಾಲು, ಮೊಟ್ಟೆಗಳನ್ನು ಮಾತ್ರ ಇಳಿಸಬೇಡಿರಿ, ಸ್ನಾಯು ಮರಳಿ ತುಂಬಿಕೊಳ್ಳಲು ತೂಕಕ್ಕಿಂತ ಹೆಚ್ಚು ಕಾಲ ಬೇಕು. ತೂಕ ಏರುತ್ತಿರುವಾಗಲೇ ಚಳಿ ತಡೆಯದಂತಾಗಿ, ಮಲಬದ್ಧತೆ, ಮಂಕು, ನಿದ್ದೆ ಹೆಚ್ಚಾದರೆ, ಮಾತ್ರೆ ಹಾರ್ಮೋನನ್ನು ಬೇಕಾದ್ದಕ್ಕಿಂತ ಕೆಳಗೆ ಎಳೆದಿರಬಹುದು. ಆಗ ಊಟ ಕಡಿಮೆ ಮಾಡದೆ ರಕ್ತಪರೀಕ್ಷೆಯನ್ನು ಬೇಗ ಮಾಡಿಸಿ, ಆ ಪುಸ್ತಕವನ್ನೂ ವೈದ್ಯರ ಮುಂದಿಡಿರಿ. ಅದರ ಮೊದಲ ಪುಟದಲ್ಲಿ ಇಂದಿನ ತೂಕವನ್ನೂ, ನೆಲದಿಂದ ಕೈಯೂರದೆ ಏಳಲು ಆಗುತ್ತದೆಯೋ ಇಲ್ಲವೋ ಎಂಬುದನ್ನೂ ಬರೆದಿಡಿರಿ.